ಯಾರ ಎತ್ತರಕ್ಕೂ ಇಲ್ಲದ ತೂತು

ನಮ್ಮೂರಿಗೆ ಹೆಣ್ಣು ನೋಡಲು ಬರುವವರು ಮೊದಲು ಹುಡುಗಿಯನ್ನು ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಚಾಪೆಯ ಮೇಲೆ ಕೂರುವ ಮೊದಲೇ ಗಂಡಿನ ಸೋದರತ್ತೆಯೋ ಚಿಕ್ಕಮ್ಮನೋ ಒಬ್ಬಳು "ನಿಮ್ಮನೇಲಿ ಗಾಳಿ ಚೆನ್ನಾಗಿ ಆಡತ್ತೆ ಕಣ್ರೀ" ಎನ್ನುತ್ತಾ ಕೋಣೆ ಕೋಣೆಗೂ ಒಂದು ಸುತ್ತು ಬರುತ್ತಾಳೆ. ಅವಳು ನೋಡುತ್ತಿರುವುದು ಗಾಳಿಯನ್ನಲ್ಲ ಎಂದು ಮನೆಯವರಿಗೆಲ್ಲ ಗೊತ್ತು. ಹುಡುಗಿಯ ಕೋಣೆಯಲ್ಲಿ ತೂತು ಬಿದ್ದಿದೆಯೇ, ಬಿದ್ದಿದ್ದರೆ ಎಷ್ಟು ಎತ್ತರಕ್ಕೆ ಬಿದ್ದಿದೆ, ಅದು ಯಾವ ಗಂಡಸಿನ ಮುಖದ ಮಟ್ಟ ಎಂದು ಅವಳ ಕಣ್ಣು ತಡಕಾಡುತ್ತಿರುತ್ತದೆ. ಅದಕ್ಕೇ ಹಿಂದಿನ ದಿನವೇ ನಮ್ಮಂಥವರಿಗೆ ಕರೆ ಬರುವುದು.

ನಾನು ದೇವೀರಮ್ಮ. ಕೆಳಪೇಟೆಯಲ್ಲಿ ಗೋಡೆ ತೂತು ಮುಚ್ಚುವವಳು. ಹದಿನೈದು ವರ್ಷದಿಂದ ಇದೇ ಕೆಲಸ. ನಮ್ಮೂರ ಮನೆಗಳೆಲ್ಲ ಬೋರ್ಡು ಗೋಡೆಯವು. ಮರದ ಚೌಕಟ್ಟು ನಿಲ್ಲಿಸಿ ಎರಡೂ ಕಡೆ ಜಿಪ್ಸಂ ಹಲಗೆ ಹೊಡೆದಿರುತ್ತಾರೆ, ನಡುವೆ ಬರೀ ಟೊಳ್ಳು. ಬೆರಳಲ್ಲಿ ಬಡಿದರೆ ಡಬ್ಬದ ಹಾಗೆ ಸದ್ದು ಬರುತ್ತದೆ. ಮನೆಯಲ್ಲಿ ಯಾರಾದರೂ ಯಾರನ್ನಾದರೂ ತಡೆಯಲಾರದಷ್ಟು ನೆನೆಸಿಕೊಂಡರೆ ಆ ಹಲಗೆ ಒಳಕ್ಕೆ ಕುಸಿದು ತೂತು ಬೀಳುತ್ತದೆ, ನೆನಪಾದವರ ಮುಖದ ಮಟ್ಟಕ್ಕೆ ಸರಿಯಾಗಿ. ಸ್ವಲ್ಪ ನೆನೆದರೆ ಅಂಗಿಯ ಗುಂಡಿಯಷ್ಟು, ಜಾಸ್ತಿ ನೆನೆದರೆ ತಟ್ಟೆಯಷ್ಟು. ಅತ್ತೆಯ ಜೊತೆ ಮೂವತ್ತು ವರ್ಷ ಜುಟ್ಟು ಜುಟ್ಟು ಹಿಡಿದು ಜಗಳವಾಡಿದ ನಿಂಗಾಜಮ್ಮ, ಅತ್ತೆ ಸತ್ತ ಮೂರನೇ ವಾರ ನನ್ನ ಬಾಗಿಲಿಗೆ ಓಡಿ ಬಂದಿದ್ದಳು. ಅಡುಗೆಮನೆಯ ಗೋಡೆಯಲ್ಲಿ ಸೊಂಟದ ಮಟ್ಟಕ್ಕೆ ಇಷ್ಟಗಲ ತೂತು. ಆ ಮುದುಕಿ ಗೂನಿ, ಸೊಂಟಕ್ಕಿಂತ ಮೇಲೆ ತಲೆ ಎತ್ತಿದವಳೇ ಅಲ್ಲ. "ಯಾರ್ಗೂ ಹೇಳ್ಬೇಡ ಕಣೆ ದೇವೀರಿ, ನನ್ ಮರ್ಯಾದೆ ಹೋಗತ್ತೆ" ಎಂದು ನಿಂಗಾಜಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ, ಅವಳೂ ಈಗಿಲ್ಲ.

ಈ ಕೆಲಸ ನನಗೆ ಕಲಿಸಿದವರು ಹೊನ್ನಯ್ಯ ಮೇಸ್ತ್ರಿ. ಅವರದು ಮೇಲ್ಪೇಟೆ, ನನ್ನದು ಕೆಳಪೇಟೆ. ಮೇಸ್ತ್ರಿಗಳ ಹತ್ತಿರ ಒಂದು ಅಳತೆ ಕೋಲು ಇರುತ್ತದೆ. ಊರಲ್ಲಿ ಮದುವೆಯಾದವರು, ಊರು ಬಿಡುವವರು, ಹಾಸಿಗೆ ಹಿಡಿದವರು, ಎಲ್ಲರೂ ಒಂದು ಸಲ ಆ ಕೋಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಹುಬ್ಬಿನ ಮಟ್ಟಕ್ಕೆ ಒಂದು ಕಚ್ಚು ಹಾಕುತ್ತಾರೆ. ಯಾರ ಮನೆಯಲ್ಲಿ ತೂತು ಬಿದ್ದರೂ ಕೋಲು ಹಿಡಿದರೆ ಸಾಕು, ಇಂಥವರದು ಎಂದು ಗೊತ್ತಾಗುತ್ತದೆ. ಗೊತ್ತಾದರೂ ಮೇಸ್ತ್ರಿಯಾದವರು ಬಾಯಿ ಬಿಡುವ ಹಾಗಿಲ್ಲ. ಮುಚ್ಚುವ ಮೊದಲು ಮೇಸ್ತ್ರಿ ಐದು ನಿಮಿಷ ಹೊರಗೆ ಹೋಗಿ ನಿಲ್ಲಬೇಕು. ಆಗ ನೆನೆದವರು ತೂತಿಗೆ ಬಾಯಿಟ್ಟು, ನೆನಪಾದವರನ್ನು ಒಂದು ಸಲ ಕರೆಯುತ್ತಾರೆ. ಆಮೇಲೆ ನಾವು ಬಂದು ಹಲಗೆ ಕೂರಿಸುತ್ತೇವೆ. ಇನ್ನೊಂದು ಮಾತು. ತನ್ನ ತೂತನ್ನು ತಾನೇ ಮುಚ್ಚಿಕೊಂಡರೆ ನಿಲ್ಲುವುದಿಲ್ಲ. ಎಷ್ಟು ಪುಟ್ಟಿ ಮೆತ್ತಿದರೂ ಬೆಳಿಗ್ಗೆಗೆ ಉದುರಿ ನೆಲದ ಮೇಲೆ ಬಿದ್ದಿರುತ್ತದೆ.

ಹಾಗಾಗಿ ನನ್ನ ಮನೆಯ ತೂತು ಮುಚ್ಚಲು ವರ್ಷಕ್ಕೊಮ್ಮೆ ಹೊನ್ನಯ್ಯನವರೇ ಕೆಳಪೇಟೆಗೆ ಇಳಿದು ಬರುತ್ತಿದ್ದರು. ನನ್ನ ತೂತು ಅಕ್ಕಿ ಡಬ್ಬದ ಹಿಂದೆ, ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ. ಮೂರು ವರ್ಷದ ಮಗುವಿನ ಮುಖದ ಮಟ್ಟ.

ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಮಗಳು ಕುಮುದಳಿಗೆ ಎರಡು ತುಂಬಿದಾಗ ನಮ್ಮ ಯಜಮಾನರು ಹೋದರು. ಅವಳಿಗೆ ಮೂರಾದಾಗ ನನಗೆ ಎದೆ ಕಾಯಿಲೆ ಬಂತು, ಕೆಮ್ಮಿದರೆ ರಕ್ತ. ದೂರದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಚೀಟಿಯಲ್ಲಿ ಗುರುತಿನ ಕಲೆ ಎಂಬ ಸಾಲಿಗೆ ಏನು ಬರೆಯುವುದೆಂದು ನರ್ಸಮ್ಮ ನನ್ನ ಮುಖ ಎತ್ತಿ ಹಿಡಿದು ಹುಡುಕಿ, "ಗಲ್ಲದ ಕೆಳಗೆ ಸುಟ್ಟ ಕಲೆ" ಎಂದು ಬರೆದುಕೊಂಡಳು. ಚಿಕ್ಕವಳಿದ್ದಾಗ ಬೆಲ್ಲದ ಪಾಕ ಸಿಡಿದದ್ದು, ಹುಣಸೆ ಬೀಜದಷ್ಟು. ಕನ್ನಡಿಯಲ್ಲೂ ಕಾಣದ ಜಾಗ, ನನಗೇ ಮರೆತುಹೋಗಿತ್ತು. ಮಗುವನ್ನು ಮೇಲ್ಪೇಟೆಯ ಭಾವನ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಭಾವನಿಗೂ ಓರಗಿತ್ತಿ ಚೆಲುವಮ್ಮನಿಗೂ ಮಕ್ಕಳಿರಲಿಲ್ಲ. ಎರಡು ವರ್ಷದ ಮೇಲೆ ವಾಸಿಯಾಗಿ ಬಂದು ಆ ಮನೆಯ ಬಾಗಿಲಲ್ಲಿ ನಿಂತರೆ, ಕುಮುದ ಚೆಲುವಮ್ಮನ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡು "ಅಮ್ಮಾ, ಯಾರೋ ಬಂದವ್ರೆ" ಎಂದಳು.

ಅಮ್ಮಾ ಎಂದದ್ದು ನನ್ನನ್ನಲ್ಲ. ಯಾರೋ ಎಂದದ್ದು ನನ್ನನ್ನು. ಚೆಲುವಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ತಾನು ದೊಡ್ಡವಳಾಗಿದ್ದೂ ನನ್ನ ಕಾಲು ಹಿಡಿದಳು. "ಒಂದೂವರೆ ವರ್ಷ ಅತ್ತಿದೆ ಕಣೆ ಮಗು. ಈಗ್ತಾನೆ ನಿಲ್ಸಿದೆ. ಮತ್ತೆ ಅಳಿಸ್ಬೇಡ ದೇವೀರಿ. ನಿಂಗೆ ಕೈ ಮುಗೀತೀನಿ." ನನ್ನ ಎದೆ ಇನ್ನೂ ಗಟ್ಟಿಯಾಗಿರಲಿಲ್ಲ. ಕಾಯಿಲೆ ಮರಳಿ ಬಂದರೆ ಮಗುವಿನ ಗತಿಯೇನು ಎಂಬ ಭಯವೂ ಇತ್ತು. ಮೇಲ್ಪೇಟೆಗೆ ಬರುವುದಿಲ್ಲ, ನಾನು ಯಾರೆಂದು ಹೇಳುವುದಿಲ್ಲ ಎಂದು ಮಾತು ಕೊಟ್ಟು ಇಳಿದು ಬಂದೆ. ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ಆದರೆ ನಮ್ಮೂರವರು ಬೇರೆ ಎಲ್ಲದಕ್ಕೂ ಬಾಯಿ ಬಿಡುತ್ತಾರೆ, ಗೋಡೆಯ ವಿಷಯ ಮತ್ತು ಮಗುವಿನ ವಿಷಯ ಬಿಟ್ಟು.

ಮಾತು ಕೊಟ್ಟದ್ದು ನಾಲಿಗೆ. ಗೋಡೆ ಕೇಳಬೇಕಲ್ಲ! ಶಾಲೆಯ ಮೆರವಣಿಗೆಯಲ್ಲಿ ಕುಮುದ ಬಾವುಟ ಹಿಡಿದು ಹೋದದ್ದನ್ನು ಒಮ್ಮೆ ದೂರದಿಂದ ನೋಡಿದೆ. ಆಮೇಲೆ ಎಷ್ಟೋ ವರ್ಷಕ್ಕೆ, ಸಂತೆಯಲ್ಲಿ ಬಳೆ ಕೊಳ್ಳುತ್ತಿದ್ದಾಗ ಬೆನ್ನು ಮಾತ್ರ ಕಂಡಿತು, ನನಗಿಂತ ಎತ್ತರ ಬೆಳೆದಿದ್ದಳು. ಆದರೂ ನನ್ನ ಮನೆಯ ತೂತು ಎರಡೂವರೆ ಅಡಿ ಬಿಟ್ಟು ಮೇಲೇರಲಿಲ್ಲ. ನಾನು ನೆನೆಯುತ್ತಿದ್ದದ್ದು ಬಳೆ ಕೊಳ್ಳುವವಳನ್ನಲ್ಲ, ತೊಡೆಯ ಮೇಲೆ ಕೂತು ತಟ್ಟೆಯ ಅನ್ನ ಚೆಲ್ಲುವವಳನ್ನು. ಹೊನ್ನಯ್ಯನವರು ಪ್ರತಿ ವರ್ಷ ಮಂಡಿಯೂರಿ ಕೂತು ಅದನ್ನು ಮುಚ್ಚುವಾಗ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ.

"ಅಣ್ಣಾ, ಆ ಮನೇಲಿ ಏನಾದ್ರೂ..."

ಮೇಸ್ತ್ರಿ ಬಾಯಿ ಬಿಡುವ ಹಾಗಿಲ್ಲ. ಆದರೂ ನನ್ನ ಮುಖ ನೋಡಿ ಅವರಿಗೆ ಮನಸ್ಸು ತಡೆಯುತ್ತಿರಲಿಲ್ಲ. ಕೋಲಿನ ಮೇಲೆ ನನ್ನ ಕಚ್ಚಿನ ಹತ್ತಿರ ಹೆಬ್ಬೆರಳಿಟ್ಟು, "ನಿನ್ ಮಟ್ಟಕ್ಕೆ ಏನೂ ಇಲ್ಲ ಕಣವ್ವ" ಎನ್ನುತ್ತಿದ್ದರು. ಪ್ರತಿ ವರ್ಷ ಅದೇ ಹೆಬ್ಬೆರಳು, ಅದೇ ಮಾತು. ಒಂದು ಗುಂಡಿಯಷ್ಟು ಬಿದ್ದಿದ್ದರೂ ಸಾಕಿತ್ತು ನನಗೆ. ಹೆತ್ತ ಮಗಳ ಮನಸ್ಸಿನಲ್ಲಿ ಒಂದು ಗುಂಡಿಯಷ್ಟು ಜಾಗವೂ ನನಗಿಲ್ಲವಲ್ಲ ಎಂದು, ಅವರು ಹೋದ ಮೇಲೆ ಹಸಿ ಪುಟ್ಟಿಯ ಮುಂದೆ ಕೂತು ಅಳುತ್ತಿದ್ದೆ. ಅತ್ತು ಎದ್ದು ಸಾರಿಗೆ ಇಡುತ್ತಿದ್ದೆ, ಹೊಟ್ಟೆ ಕೇಳಬೇಕಲ್ಲ.

ಈ ವರ್ಷ ಹೊನ್ನಯ್ಯನವರ ಎರಡೂ ಕಣ್ಣಿಗೆ ಪೊರೆ ಬಂತು. ಒಂದಕ್ಕೆ ಆಪರೇಶನ್ ಆಗಿ ಹಸಿರು ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದರು. ನೋಡಿ ಬರೋಣವೆಂದು ಹಣ್ಣು ತೆಗೆದುಕೊಂಡು ಹೋದರೆ, ಕುಶಲ ಕೇಳುವ ಮೊದಲೇ "ಮೇಲ್ಪೇಟೆಗೆ ನೀನೇ ಹೋಗ್ಬೇಕು" ಎಂದರು.

"ಯಾರ ಮನೆ?"

"ಚೆಲುವಮ್ಮಂದು. ನಾಳಿದ್ದು ಗಂಡಿನೋರು ಬರ್ತಾರಂತೆ."

ನನ್ನ ಕೈಯಲ್ಲಿದ್ದ ಕಿತ್ತಳೆ ಹಣ್ಣು ಉರುಳಿ ಚರಂಡಿಗೆ ಬಿತ್ತು. "ನಾನು ಆ ಮನೆ ಮೆಟ್ಲು ಹತ್ತಲ್ಲ ಅಂತ ಮಾತು ಕೊಟ್ಟಿದೀನಿ, ನಿಮಗೆ ಗೊತ್ತಲ್ಲ ಅಣ್ಣ."

"ಗೊತ್ತು. ಇನ್ಯಾರಿದಾರೆ ಹೇಳು ಈ ಊರಲ್ಲಿ? ತೂತು ಹಂಗೇ ಬಿಟ್ರೆ ಮದುವೆ ಮುರಿದು ಬೀಳತ್ತೆ. ನಿನ್ ಮಗಳದ್ದೇ." ಆಮೇಲೆ ನಕ್ಕರು. "ಹೆದರ್ಬೇಡ, ಅದು ಮುದುಕಂದು. ನಿಮ್ ಮಾವ ಆಜಾನುಬಾಹು ಇದ್ನಲ್ಲ. ಅಷ್ಟೆತ್ತರದೋರು ಆ ಮನೇಲಿ ಇನ್ಯಾರೂ ಇಲ್ಲ. ಹದಿನಾಲ್ಕು ವರ್ಷದಿಂದ ಮುಚ್ತಾ ಇದೀನಿ. ವರ್ಷ ವರ್ಷ ಒಂದೊಂದು ಬೆರಳು ಮೇಲಕ್ಕೆ ಹೋಗ್ತಿತ್ತು, ಸ್ವರ್ಗಕ್ಕೆ ಹತ್ತತಾ ಅವ್ನೆ ಮಹಾರಾಯ ಅಂದ್ಕೊಂಡೆ. ಆರೇಳು ವರ್ಷದಿಂದ ಒಂದೇ ಕಡೆ ನಿಂತ್ಬಿಟ್ಟಿದೆ. ಬಾಗಿಲು ಸಿಕ್ಕಿರ್ಬೇಕು." ತಮ್ಮ ಮಾತಿಗೆ ತಾವೇ ನಕ್ಕು ಕಣ್ಣು ಒತ್ತಿಕೊಂಡರು.

ನನ್ನದಲ್ಲದ ತೂತು ಮುಚ್ಚಲು, ಆದರೆ ನನ್ನ ಮಗಳ ಮನೆಗೆ, ಹದಿನೇಳು ವರ್ಷದ ಮೇಲೆ ಹೊರಟೆ. ಮರುದಿನ ಬೆಳಿಗ್ಗೆ ಚೀಲಕ್ಕೆ ಗರಗಸ, ರೀಪರ್ ಮರದ ತುಂಡು, ಸ್ಕ್ರೂ, ಜಾಲರಿ ಟೇಪು, ಪುಟ್ಟಿ, ಉಪ್ಪುಕಾಗದ ತುಂಬಿ, ಒಂದು ಹಲಗೆ ತುಂಡು ಕಂಕುಳಲ್ಲಿ ಇಟ್ಟುಕೊಂಡೆ. ಎಂದೂ ಇಲ್ಲದವಳು ಸೀರೆ ಮಾತ್ರ ಇಸ್ತ್ರಿ ಮಾಡಿದ್ದು ಉಟ್ಟೆ. ಪುಟ್ಟಿ ಕೆಲಸಕ್ಕೆ ಇಸ್ತ್ರಿ ಸೀರೆ! ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಬಾಗಿಲು ತೆಗೆದದ್ದು ಚೆಲುವಮ್ಮ. ತಲೆ ಪೂರ್ತಿ ಬೆಳ್ಳಗಾಗಿತ್ತು. ಭಾವ ಹೋಗಿ ಮೂರು ವರ್ಷವಾಗಿತ್ತು, ಆಗಲೂ ನಾನು ಬಂದಿರಲಿಲ್ಲ. ನನ್ನನ್ನು ನೋಡಿ ಅವಳ ಕೈ ಬಾಗಿಲ ಚಿಲಕದ ಮೇಲೆಯೇ ನಿಂತಿತು.

"ಹೊನ್ನಯ್ಯ ಎಲ್ಲಿ?"

"ಕಣ್ಣು ಕಾಣಲ್ಲ ಅಕ್ಕ. ನನ್ನೇ ಕಳ್ಸಿದ್ರು."

"ಕುಮುದ ಒಳಗಿದಾಳೆ."

"ಮುಖಕ್ಕೆ ಬಟ್ಟೆ ಕಟ್ಕೋತೀನಿ. ಧೂಳಿನ ಕೆಲಸ, ಯಾರೂ ಏನೂ ಕೇಳಲ್ಲ. ಮುಚ್ಚಿ ಹೋಗ್ತೀನಿ."

ಅವಳು ಬೀದಿಯ ಆಚೆ ಈಚೆ ನೋಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಟವೆಲನ್ನು ಮೂಗಿನಿಂದ ಕತ್ತಿನವರೆಗೆ ಬಿಗಿದು ಕಟ್ಟಿಕೊಂಡು ಒಳಗೆ ಹೋದೆ.

ಕೋಣೆಯ ಕಿಟಕಿಯ ಹತ್ತಿರ ಕುಮುದ ಸೀರೆಗೆ ಫಾಲ್ಸ್ ಹಾಕುತ್ತಾ ಕೂತಿದ್ದಳು. ಎದ್ದು ನಿಂತಳು. ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತು! ಅವಳ ಹಣೆ ಅಪ್ಪನದು, ಕಿವಿ ನನ್ನದು. ನಾನು ಚೀಲ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.

"ಮೇಸ್ತ್ರಮ್ಮ, ಮಜ್ಜಿಗೆ ಕುಡೀತೀರಾ?"

ಬೇಡ ಎಂದು ಕೈಯಾಡಿಸಿದೆ. ಬಾಯಿ ತೆರೆದರೆ ಏನು ಬರುತ್ತದೋ ನನಗೇ ನಂಬಿಕೆಯಿರಲಿಲ್ಲ. ಅವಳು ಮೇಲೆ ಬೆರಳು ತೋರಿಸಿದಳು. ಸೂರಿಗೆ ಒಂದು ಗೇಣು ಕೆಳಗೆ, ಊಟದ ತಟ್ಟೆಯಷ್ಟಗಲ ತೂತು. ಅಂಚು ಒಳಕ್ಕೆ ಮುರಿದು ಕಾಗದದ ಸಿಪ್ಪೆ ನೇತಾಡುತ್ತಿತ್ತು.

"ತಾತಂದಂತೆ. ನಾನು ಹುಟ್ಟೋಕೆ ಮುಂಚೇನೇ ತಾತ ಹೋಗ್ಬಿಟ್ರು. ನೋಡ್ದೇ ಇರೋರನ್ನ ಇಷ್ಟು ನೆನೆಯೋಕಾಗತ್ತಾ ಮೇಸ್ತ್ರಮ್ಮ? ಪ್ರತಿ ಸಲ ಸ್ಟೂಲ್ ಹತ್ತಿ 'ತಾತಾ' ಅಂತ ಕರೀತೀನಿ. ನಂಗೇ ನಗು ಬರತ್ತೆ. ಯಾರನ್ನೋ ಕರಿಯೋಕೆ ಹೋಗಿ ಇನ್ಯಾರನ್ನೋ ಕರೆದಂಗೆ."

"ಯಾರು ಅಂತ ಅನ್ಸತ್ತೆ ನಿಂಗೆ?" ನನ್ನ ದನಿ ಬಟ್ಟೆಯೊಳಗೆ ಗೊಗ್ಗರಾಗಿತ್ತು.

ಅವಳು ಸೂಜಿಯನ್ನು ಸೀರೆಗೆ ಚುಚ್ಚಿ ಯೋಚಿಸಿದಳು. "ಗೊತ್ತಿಲ್ಲ. ಮುಖಾನೇ ಬರಲ್ಲ. ಯಾರೋ ಮೇಲಿಂದ ಬಗ್ಗಿ ನೋಡ್ತಿರೋ ಹಂಗೆ. ಅಷ್ಟೇ." ಆಮೇಲೆ ನಾಚಿಕೊಂಡು, ಪುಟ್ಟಿ ಕಲಸಲು ನೀರು ತರುತ್ತೇನೆಂದು ಹಿತ್ತಲಿಗೆ ಹೋದಳು.

ಸ್ಟೂಲು ಇಡಲು ಜಾಗ ಬೇಕಿತ್ತು. ಗೋಡೆಗೆ ಒತ್ತಿದ್ದ ಬೀರುವನ್ನು ಎಳೆದು ಪಕ್ಕಕ್ಕೆ ಸರಿಸಿದೆ. ಕೆಲಸ ಶುರು ಮಾಡುವ ಮೊದಲು ಅಂಗೈಯಿಂದ ಗೋಡೆ ಸವರುವುದು ನಮ್ಮ ಅಭ್ಯಾಸ. ಮುಚ್ಚಿದ ತೂತು ಬಣ್ಣ ಬಳಿದ ಮೇಲೆ ಕಣ್ಣಿಗೆ ಕಾಣದಿರಬಹುದು, ಅಂಗೈಗೆ ಸಿಕ್ಕೇ ಸಿಗುತ್ತದೆ. ತೂತಿನ ಕೆಳಗೆ ಹೊನ್ನಯ್ಯನವರ ಹಳೆಯ ತೇಪೆ ಸಿಕ್ಕಿತು, ಬೆಣ್ಣೆಯಂಥ ಕೈ ಅವರದು. ಅದಕ್ಕೆ ಒಂದು ಬೆರಳು ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಅವರು ಹೇಳಿದ ಹಾಗೆ ವರ್ಷ ವರ್ಷದ ತೇಪೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು ಇಳಿಯುತ್ತಾ ಹೋದವು. ಸತ್ತ ಮುದುಕ ಬೆಳೆಯುವುದುಂಟೇ? ವರ್ಷ ವರ್ಷ ಒಂದು ಬೆರಳು ಬೆಳೆಯುವುದು ಮಗು! ಹದಿನಾರಕ್ಕೆ ಬೆಳವಣಿಗೆ ನಿಲ್ಲುವುದೂ ಅದರದ್ದೇ!

ಅಂಗೈ ಇನ್ನೂ ಕೆಳಕ್ಕೆ ಹೋಯಿತು. ಹೊನ್ನಯ್ಯನವರ ಕೈ ಮುಗಿದ ಮೇಲೆ, ಬೀರು ಮುಚ್ಚಿದ್ದ ಜಾಗದಲ್ಲಿ, ಇನ್ಯಾರದೋ ಒರಟು ಕೆಲಸ ಸಿಕ್ಕಿತು. ರೀಪರ್ ಇಲ್ಲ, ಹಲಗೆ ಇಲ್ಲ. ಹಳೇ ಸೀರೆಯ ತುಂಡನ್ನು ಮೈದಾ ಅಂಟಿನಲ್ಲಿ ಅದ್ದಿ ಅಂಟಿಸಿ ಮೇಲೆ ಸುಣ್ಣ ಬಳಿದದ್ದು. ಅಂಥವು ಮೇಲೊಂದು ಕೆಳಗೊಂದು ಮೂರು ಇದ್ದವು. ಎಲ್ಲಕ್ಕಿಂತ ಕೆಳಗಿನದರ ಮುಂದೆ ನಾನು ನೆಟ್ಟಗೆ ನಿಂತೆ. ಅಳತೆ ಕೋಲು ಬೇಕಾಗಲಿಲ್ಲ. ನನ್ನ ಹುಬ್ಬು ಅದರ ನಡುವಿಗೆ ಸರಿಯಾಗಿ ಕೂತಿತು. ಅಂದು ಕತ್ತೆತ್ತಿ ನೋಡಿದ ಮುಖವನ್ನು, ಬೆಳೆದಂತೆಲ್ಲ ಅವಳು ತನ್ನ ತಲೆಗಿಂತ ಅಷ್ಟೇ ಮೇಲೆ ನೆನೆಯುತ್ತಾ ಬಂದಿದ್ದಳು.

ಹಿಂದೆ ಲೋಟದ ಸದ್ದಾಯಿತು. ಚೆಲುವಮ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಾಫಿ ಅರ್ಧ ತಟ್ಟೆಗೆ ಚೆಲ್ಲಿತ್ತು.

"ನೀನು ಆಸ್ಪತ್ರೆಗೆ ಹೋದ ಎರಡನೇ ತಿಂಗಳು ಬಿತ್ತು," ಎಂದಳು ಮೆಲ್ಲಗೆ. "ನಾನೇ ಮುಚ್ಚಿದೆ. ಆಮೇಲಿಂದೂ. ಹೊನ್ನಯ್ಯನ್ನ ಕರೆದಿದ್ರೆ ಕೋಲು ಹಿಡಿದು ನಿನ್ ಹೆಸ್ರು ಓದ್ಬಿಡ್ತಿದ್ದ. ಆಮೇಲಾಮೇಲೆ ಮೇಲಕ್ಕೆ ಹೋಯ್ತು, ನಿನ್ ಮಟ್ಟ ದಾಟ್ತು. ಇನ್ನು ಗೊತ್ತಾಗಲ್ಲ ಅಂತ ಅವನನ್ನ ಕರೆದೆ."

"ಹದಿನೇಳು ವರ್ಷ, ಅಕ್ಕ!" ಎಂದೆ. ಕಿರುಚಬೇಕೆಂದಿದ್ದೆ, ಪಿಸುಮಾತೇ ಬಂತು. "ವರ್ಷಾ ವರ್ಷಾ ಕೇಳ್ದೆ ನಾನು. ಏನೂ ಇಲ್ಲ ಏನೂ ಇಲ್ಲ ಅಂದ್ರು. ಹೆತ್ತ ಮಗಳು ನನ್ನ ಮರ್ತೇಬಿಟ್ಳು ಅಂತ ಹದಿನೇಳು ವರ್ಷ ಸತ್ತು ಸತ್ತು ಬದುಕಿದೀನಿ ಕಣಕ್ಕ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ಯಲ್ಲ!"

"ಅವ್ಳು ನನ್ನ ಜೊತೇಲೇ ಇದ್ಲು. ನನ್ನ ನೆನೆಯೋಕೆ ಅವಳಿಗೆ ಕಾರಣಾನೇ ಇರ್ಲಿಲ್ಲ," ಎಂದಳು ಚೆಲುವಮ್ಮ. "ಈ ಮನೇಲಿ ನನ್ ಮಟ್ಟಕ್ಕೆ ಒಂದ್ ತೂತೂ ಬೀಳ್ಲಿಲ್ಲ ದೇವೀರಿ. ಅದನ್ನ ನೋಡಿ ನೋಡಿ ನಂಗೆ ಹೊಟ್ಟೆ ಉರಿದುಹೋಯ್ತು."

ಕುಮುದ ನೀರಿನ ಚೊಂಬು ಹಿಡಿದು ಬಂದಳು. ನಮ್ಮಿಬ್ಬರ ಮುಖ ನೋಡಿ, "ಏನಮ್ಮಾ, ಏನಾಯ್ತು?" ಎಂದಳು. ಚೆಲುವಮ್ಮ ಕಣ್ಣಿಗೆ ಧೂಳು ಬಿತ್ತೆಂದಳು. ಇನ್ನೂ ಗೋಡೆಗೆ ಗರಗಸವನ್ನೇ ಹಾಕಿರಲಿಲ್ಲ, ಧೂಳೆಲ್ಲಿಂದ ಬರಬೇಕು? ನಾನು ಸ್ಟೂಲು ಇಟ್ಟೆ. ಕೊಟ್ಟ ಮಾತು ಮಾತೇ. ನಾಳೆ ಗಂಡಿನವರು ಬರುತ್ತಾರೆ, ಮಗಳ ಮದುವೆ ನಾನೇ ಕೆಡಿಸಲೇ? ಮುಚ್ಚಿ ಹೋಗುವುದು, ಅಷ್ಟೇ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಒಂದು ಗುಂಡಿಯಷ್ಟು ಕೇಳಿದ್ದೆ, ಗೋಡೆ ತುಂಬಾ ಕೊಟ್ಟಿದ್ದಳು. ಅದನ್ನು ಎದೆಯಲ್ಲಿಟ್ಟುಕೊಂಡು ಇನ್ನು ಎಷ್ಟು ವರ್ಷ ಬೇಕಾದರೂ ಕಳೆಯಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೆಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು.

"ಸ್ಟೂಲು ಅಲ್ಲಾಡತ್ತೆ, ಹಿಡ್ಕೋತೀನಿ," ಎಂದು ಕುಮುದ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕಾಲು ಹಿಡಿದುಕೊಂಡಳು.

ಹರಿದ ತೂತನ್ನು ಮೊದಲು ಚೌಕ ಮಾಡಿಕೊಳ್ಳಬೇಕು. ಗರಗಸ ಹಾಕಿ ನಾಲ್ಕೂ ಕಡೆ ಕೊಯ್ದೆ. ಬಿಳಿ ಪುಡಿ ಸುರಿಯಿತು, ತಲೆಯ ಮೇಲೆ, ಇಸ್ತ್ರಿ ಸೀರೆಯ ಮೇಲೆ, ಕೆಳಗೆ ಕೂತವಳ ಕೂದಲಿನ ಮೇಲೆ. ಒಳಗೆ ಎರಡು ರೀಪರ್ ತುಂಡು ಅಡ್ಡ ಹಾಕಿ ಸ್ಕ್ರೂ ಬಿಗಿದೆ. ಮುಚ್ಚುವ ಹಲಗೆಯನ್ನು ಅದರ ಮೇಲೆ ಕೂರಿಸಿ ನೋಡಿದೆ, ಸರಿಯಾಗಿತ್ತು. ತೆಗೆದು ಪಕ್ಕಕ್ಕಿಟ್ಟೆ. ಈಗ ನಾನು ಹೊರಗೆ ಹೋಗಬೇಕು, ಅವಳು ಕರೆಯಬೇಕು. ಅಷ್ಟರಲ್ಲಿ ಹಾಳು ಕೆಮ್ಮು ಬಂತು. ಎದೆ ಹಳೆಯದು, ಧೂಳು ತಡೆಯುವುದಿಲ್ಲ. ಟವೆಲಿನೊಳಗೆ ಉಸಿರು ಕಟ್ಟಿತು. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಟವೆಲು ಕಿತ್ತೆಸೆದು, ಕತ್ತು ಮೇಲೆತ್ತಿ ಗಾಳಿ ಎಳೆದುಕೊಂಡೆ.

ಕೆಮ್ಮು ನಿಂತಿತು.

"ಹಂಗೇ ಇರಿ," ಎಂದಳು ಕುಮುದ ಕೆಳಗಿನಿಂದ. "ತಲೆ ತಗ್ಗಿಸ್ಬೇಡಿ."

ನಾನು ಹಾಗೇ ನಿಂತೆ. ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಗಲ್ಲದ ಅಡಿ ಕಾಣುತ್ತಿತ್ತು.

"ಗಲ್ಲದ ಕೆಳಗೆ... ಅದೇನು?"

"ಸುಟ್ಟಿದ್ದು. ಬೆಲ್ಲದ ಪಾಕ ಸಿಡಿದು."

"ನಾನು ಅದನ್ನ ಮುಟ್ಟಿದೀನಾ?"

ಸುಳ್ಳು ಹೇಳಬೇಕಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಮಲಗಿಸಿಕೊಂಡಾಗ ಒಂದು ಪುಟ್ಟ ಬೆರಳು ಬಂದು ಆ ಕಲೆಯ ಮೇಲೆ ಸುತ್ತು ಸುತ್ತು ಹಾಕುತ್ತಿದ್ದದ್ದು, ಹಾಗೆ ಸುತ್ತುತ್ತಲೇ ನಿದ್ದೆ ಹೋಗುತ್ತಿದ್ದದ್ದು, ಬೆರಳು ನಿಂತರೆ ಮಗು ಮಲಗಿತೆಂದು ನಾನು ತಿಳಿಯುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

"ದಿನಾ," ಎಂದೆ.

ಅವಳು ಸ್ಟೂಲಿನ ಕಾಲು ಬಿಟ್ಟುಬಿಟ್ಟಳು. ನೆಲದ ಮೇಲೆ ಕುಸಿದು ಕೂತು ಮೇಲೆ ನೋಡುತ್ತಲೇ ಇದ್ದಳು, ತಲೆ ತುಂಬಾ ಬಿಳಿ ಪುಡಿ. ನಾನು ಇಳಿಯಲಾರದೆ, ನಿಲ್ಲಲಾರದೆ, ಗೋಡೆ ಹಿಡಿದುಕೊಂಡೆ. ಸ್ಟೂಲು ಒಂದು ಕಡೆಗೆ ವಾಲಿತು.

ಬಾಗಿಲಿನಿಂದ ಚೆಲುವಮ್ಮನ ದನಿ ಬಂತು. ಜೋರಾಗಿ, ಬೈಯುವ ಹಾಗೆ.

"ಸ್ಟೂಲು ಹಿಡ್ಕೊಳೇ! ನಿಮ್ಮಮ್ಮ ಬಿದ್ದಾಳು!"

ಕುಮುದ ಸ್ಟೂಲು ಹಿಡಿಯಲಿಲ್ಲ. ನನ್ನ ಎರಡೂ ಕಾಲುಗಳನ್ನು ತಬ್ಬಿ ಹಿಡಿದುಕೊಂಡಳು. ಮಂಡಿಗೆ ಮುಖ ಒತ್ತಿ ಅವಳು ಅತ್ತದ್ದು ಇಸ್ತ್ರಿ ಸೀರೆ ದಾಟಿ ಮೈಗೆ ಬಿಸಿಯಾಗಿ ತಾಗಿತು. ಮೂರು ವರ್ಷದವಳು ಹೀಗೇ ಹಿಡಿದುಕೊಳ್ಳುತ್ತಿದ್ದಳು, ಅಡುಗೆ ಮಾಡಲು ಬಿಡದೆ. ನಾನು ಅಳುತ್ತಾ ನಗುತ್ತಾ "ಬಿಡೇ, ಬೀಳ್ತೀನಿ" ಎಂದೆ. ಬಿಡಲಿಲ್ಲ. ಕಲಸಿದ ಪುಟ್ಟಿ ಬೋಗುಣಿಯಲ್ಲಿ ಕಲ್ಲಾಗುವವರೆಗೂ ಬಿಡಲಿಲ್ಲ.

ಆ ದಿನ ಹಲಗೆ ಕೂರಿಸಲಿಲ್ಲ. ನಾಳೆ ಗಂಡಿನವರು ಬರುತ್ತಾರೆ, ಮುಚ್ಚಿಬಿಡುತ್ತೇನೆ ಎಂದು ನಾನೇ ಎಷ್ಟು ಹೇಳಿದರೂ ಕುಮುದ ಕೇಳಲಿಲ್ಲ. "ಈಗ್ತಾನೆ ಯಾರದು ಅಂತ ಗೊತ್ತಾಗಿದೆ. ಒಂದ್ ದಿನಾನಾದ್ರೂ ನೋಡ್ಕೋತೀನಿ" ಎಂದಳು. ಚೆಲುವಮ್ಮ ಒಳಗೆ ಹೋಗಿ ತಟ್ಟೆ ತಂದಳು. ಮೂವರಿಗೂ ಅನ್ನ ಬಡಿಸಿದಳು. ನನ್ನ ತಟ್ಟೆಗೆ ತುಪ್ಪ ಎರಡು ಸಲ ಹಾಕಿದಳು. ಅವಳ ಮೇಲೆ ನನಗಿದ್ದ ಸಿಟ್ಟು ಹೋಯಿತೆಂದು ಹೇಳಲಾರೆ, ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ಒಂದೂವರೆ ವರ್ಷ ಅತ್ತ ಮಗುವನ್ನು ಎತ್ತಿಕೊಂಡು ತಿರುಗಿದ ತೋಳು ಅವಳದು. ತಟ್ಟೆಯಲ್ಲಿದ್ದದ್ದನ್ನು ಒಂದಗುಳು ಬಿಡದೆ ಉಂಡೆ.

ಮರುದಿನ ನಾನು ಮನೆಯಲ್ಲೇ ಇದ್ದೆ. ಅಕ್ಕಿ ಡಬ್ಬ ಸರಿಸಿ ನೋಡಿದರೆ, ಎರಡೂವರೆ ಅಡಿ ಎತ್ತರದಲ್ಲಿ ಗೋಡೆ ಗಟ್ಟಿಯಾಗಿತ್ತು. ಹೊನ್ನಯ್ಯನವರ ಹೋದ ವರ್ಷದ ತೇಪೆ ಹಾಗೇ ನಿಂತಿತ್ತು. ಬದಲಿಗೆ ಅದರ ನೇರ ಮೇಲೆ, ನನ್ನ ಹಣೆಗಿಂತ ನಾಲ್ಕು ಬೆರಳು ಎತ್ತರದಲ್ಲಿ ಹೊಸ ತೂತು ಬಿದ್ದಿತ್ತು. ನೋಡಲು ನಾನು ಮುಖ ಸ್ವಲ್ಪ ಮೇಲೆತ್ತಬೇಕಾಯಿತು. ಒಂದೇ ದಿನಕ್ಕೆ ಮಗಳು ಬೆಳೆದುಬಿಟ್ಟಿದ್ದಳು. ಒಂದೇ ದಿನಕ್ಕೆ ಮದುವೆಗೂ ಬಂದು, ಬೇರೆ ಊರಿಗೆ ಹೊರಡಲೂ ನಿಂತಿದ್ದಳು. ನಡುವಿನ ಹತ್ತೊಂಬತ್ತು ವರ್ಷ ಆ ಎರಡು ಮಟ್ಟಗಳ ನಡುವೆ ಬರೀ ಗೋಡೆಯಾಗಿ ಉಳಿದಿತ್ತು. ಅಲ್ಲಿ ಅಂಗೈಯಿಟ್ಟು ಸವರಿದೆ. ಒಂದು ತೇಪೆಯೂ ಸಿಗಲಿಲ್ಲ.

ಸಂಜೆ ಚೆಲುವಮ್ಮ ಬಂದಳು. ಆಕೆ ಕೆಳಪೇಟೆಗೆ ಇಳಿದದ್ದು ಅದೇ ಮೊದಲು. ಹಣೆ ತುಂಬಾ ಬೆವರು, ಕೈಯಲ್ಲಿ ಗಂಡಿನವರು ತಂದ ಹೂವಿನಲ್ಲಿ ಅರ್ಧ. ನನ್ನ ಗೋಡೆಯ ಹೊಸ ತೂತನ್ನು ನೋಡಿದಳು. ಕೂತು ನೀರು ಕುಡಿದು ಸೆರಗಲ್ಲಿ ಬಾಯಿ ಒರೆಸಿಕೊಂಡಳು.

"ಏನಾಯ್ತು ಅಕ್ಕ? ಗೋಡೆ ನೋಡಿದ್ರಾ?"

"ನೋಡ್ದೇ ಬಿಡ್ತಾರಾ? ಆ ಸೋದರತ್ತೆ ನೆಟ್ಟಗೆ ಕೋಣ್ಗೇ ಹೋದ್ಲು. ಮೇಲೆ ನೋಡಿ, 'ಅಬ್ಬಾ, ಇಷ್ಟೆತ್ತರದ ಗಂಡ್ಸು ಯಾರಮ್ಮಾ ನಿಮ್ಮೂರಲ್ಲಿ?' ಅಂತ ಕೇಳೇಬಿಟ್ಲು. ತಾತಂದು ಅನ್ನೋಣ ಅಂತಿದ್ದೆ."

"ಮತ್ತೆ?"

"ಕುಮುದಾನೇ ಹೇಳಿದ್ಲು. ಎಲ್ಲರೆದ್ರಿಗೂ, ತಲೆ ಎತ್ಕೊಂಡು." ಚೆಲುವಮ್ಮ ನನ್ನ ಕೈ ಹಿಡಿದುಕೊಂಡಳು. "'ಅದು ನಮ್ಮಮ್ಮಂದು. ಕೆಳಪೇಟೇಲಿದಾರೆ. ಅವರೇನೂ ಅಷ್ಟೆತ್ತರ ಇಲ್ಲ, ನಾನಾಗ ಚಿಕ್ಕೋಳಿದ್ದೆ' ಅಂದ್ಲು."